ಎದೆ ಒತ್ತುವುದನ್ನು ಕಲಿಸಿದ ನಾಲ್ಕು ಪುಟಗಳು: 1960ರ ಪ್ರಬಂಧವೊಂದರ ವಿಮರ್ಶೆ

ಭೌತವಿಜ್ಞಾನ ಕಲಿಸುವವನೊಬ್ಬ ವೈದ್ಯಕೀಯ ಪ್ರಬಂಧವನ್ನು ವಿಮರ್ಶಿಸಲು ಹೊರಟಿದ್ದಾನಲ್ಲ ಎಂದು ನಿಮಗೆ ಅನ್ನಿಸಬಹುದು. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಈ ಪ್ರಬಂಧದ ಮೂವರು ಲೇಖಕರಲ್ಲಿ ಇಬ್ಬರು ವೈದ್ಯರಲ್ಲ, ವಿದ್ಯುತ್ ಎಂಜಿನಿಯರುಗಳು. ಎರಡನೆಯದು ಸ್ವಂತದ್ದು.

ಕೆಲವು ವರ್ಷಗಳ ಹಿಂದೆ ಮೌಲ್ಯಮಾಪನ ಕೇಂದ್ರವೊಂದರಲ್ಲಿ ನನ್ನ ಮುಂದಿನ ಮೇಜಿನಲ್ಲಿದ್ದ ಅಧ್ಯಾಪಕರು ಇದ್ದಕ್ಕಿದ್ದಂತೆ ಕುಸಿದು ಬಿದ್ದರು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು. ಇನ್ನೊಬ್ಬರು ಅಂಗೈಗೆ ಬೀಗದ ಕೈ ಗೊಂಚಲನ್ನು ಒತ್ತಿ ಹಿಡಿದರು. ನಾನು ಉತ್ತರಪತ್ರಿಕೆಯ ಕಟ್ಟಿನಿಂದ ಗಾಳಿ ಬೀಸಿದೆ. ಗಂಟಲಿನಿಂದ ಆಗಾಗ ಗೊರಗೊರ ಸದ್ದು ಬರುತ್ತಿತ್ತು. "ಉಸಿರಿದೆ, ಭಯವಿಲ್ಲ" ಎಂದು ಎಲ್ಲರೂ ಸಮಾಧಾನಪಟ್ಟೆವು. ವಾಹನ ಬರುವ ಹೊತ್ತಿಗೆ ಆ ಸದ್ದೂ ನಿಂತಿತ್ತು. ಆ ಕೊಠಡಿಯಲ್ಲಿ ವಿಜ್ಞಾನ ಓದಿದವರು ನಲವತ್ತು ಮಂದಿಗೂ ಹೆಚ್ಚು ಇದ್ದೆವು. ಅವರ ಎದೆಯ ಮೇಲೆ ಯಾರೂ ಕೈ ಇಡಲಿಲ್ಲ. ಆಮೇಲೆ ನಾನು ಹುಡುಕಿ ಓದಿದ್ದು ಈ ಪ್ರಬಂಧವನ್ನು.

'ಕ್ಲೋಸ್ಡ್-ಚೆಸ್ಟ್ ಕಾರ್ಡಿಯಾಕ್ ಮಸಾಜ್' ಎಂಬ ಈ ಪ್ರಬಂಧ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ನಿಯತಕಾಲಿಕೆಯಲ್ಲಿ 1960ರ ಜುಲೈ 9ರಂದು ಪ್ರಕಟವಾಯಿತು. ಇರುವುದು ನಾಲ್ಕೇ ಪುಟ. ಲೇಖಕರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಲಿಯಂ ಕೌವೆನ್‌ಹೋವೆನ್, ಜೇಮ್ಸ್ ಜೂಡ್ ಮತ್ತು ಗೈ ನಿಕರ್‌ಬಾಕರ್. ಜೂಡ್ ಶಸ್ತ್ರವೈದ್ಯರು. ಕೌವೆನ್‌ಹೋವೆನ್ ನಿವೃತ್ತ ಎಂಜಿನಿಯರಿಂಗ್ ಪ್ರಾಧ್ಯಾಪಕರು. ಆಗ ಅವರಿಗೆ 74 ವರ್ಷ. ನಿಕರ್‌ಬಾಕರ್ ಅವರ ವಿದ್ಯಾರ್ಥಿ.

ಎಂಜಿನಿಯರುಗಳಿಗೆ ಹೃದಯದ ಗೊಡವೆ ಏಕೆ ಎಂದು ಕೇಳುತ್ತೀರಾ? 1920ರ ದಶಕದಲ್ಲಿ ಅಮೆರಿಕದ ವಿದ್ಯುತ್ ಕಂಪನಿಗಳ ಲೈನ್‌ಮನ್‌ಗಳು ಆಘಾತಕ್ಕೆ ಸಿಕ್ಕಿ ಸಾಯುತ್ತಿದ್ದರು. ವಿದ್ಯುತ್ತು ಹೃದಯದ ಲಯವನ್ನು ಕೆಡಿಸಿದಾಗ ಸ್ನಾಯುಗಳು ಒಟ್ಟಾಗಿ ಸಂಕುಚಿಸುವ ಬದಲು ಅಡ್ಡಾದಿಡ್ಡಿಯಾಗಿ ಅದುರುತ್ತವೆ. ರಕ್ತ ಮುಂದಕ್ಕೆ ಹೋಗುವುದಿಲ್ಲ. ಇನ್ನೊಂದು ವಿದ್ಯುದಾಘಾತದಿಂದ ಈ ಅದುರುವಿಕೆಯನ್ನು ನಿಲ್ಲಿಸಬಹುದೇ ಎಂಬುದು ಕೌವೆನ್‌ಹೋವೆನ್ನರ ಪ್ರಶ್ನೆ. 1950ರ ದಶಕದ ಕೊನೆಯಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದಾಗ ನಿಕರ್‌ಬಾಕರ್ ಒಂದು ಸಂಗತಿ ಗಮನಿಸಿದರು. ಭಾರವಾದ ವಿದ್ಯುದಗ್ರಗಳನ್ನು ಎದೆಗೆ ಒತ್ತಿ ಹಿಡಿದಾಗ, ವಿದ್ಯುತ್ತು ಹರಿಯುವ ಮೊದಲೇ, ರಕ್ತದೊತ್ತಡದ ರೇಖೆ ಸ್ವಲ್ಪ ಮೇಲೇರುತ್ತಿತ್ತು. ಇದನ್ನು ಉಪಕರಣದ ದೋಷವೆಂದು ಬದಿಗೆ ತಳ್ಳಬಹುದಿತ್ತು. ಅವರು ತಳ್ಳಲಿಲ್ಲ. ಪ್ರಬಂಧದ ಮೊದಲ ಗುಣ ಇದು.

ಎರಡನೆಯ ಗುಣ ಸರಳತೆ. ಅಲ್ಲಿಯವರೆಗೆ ಹೃದಯ ನಿಂತರೆ ಎದೆಯನ್ನು ಕೊಯ್ದು ತೆರೆದು, ಹೃದಯವನ್ನೇ ಕೈಯಲ್ಲಿ ಹಿಡಿದು ಅಮುಕುತ್ತಿದ್ದರು. ಅದು ಶಸ್ತ್ರವೈದ್ಯರಿಗೆ ಮಾತ್ರ ಸಾಧ್ಯ. ಈ ಲೇಖಕರು ಎರಡು ಕೈ ಇದ್ದರೆ ಸಾಕು, ಯಾರು ಬೇಕಾದರೂ ಎಲ್ಲಿ ಬೇಕಾದರೂ ಆರಂಭಿಸಬಹುದು ಎಂದರು. ಜರ್ಮನಿಯ ಗಟಿಂಗೆನ್‌ನಲ್ಲಿ ಫ್ರೆಡ್ರಿಕ್ ಮಾಸ್ ಎಂಬ ವೈದ್ಯರು 1891ರಲ್ಲೇ ಹೊರಗಿನಿಂದ ಎದೆ ಒತ್ತಿ ರೋಗಿಗಳನ್ನು ಬದುಕಿಸಿದ್ದರು. ಅದು ಮರೆತೇ ಹೋಗಿತ್ತು. ಹಾಗಾಗಿ ಈ ಪ್ರಬಂಧದ ಹಿರಿಮೆ ಇರುವುದು ಮೊದಲಿಗನಾದುದರಲ್ಲಿ ಅಲ್ಲ, ಒತ್ತಡವನ್ನು ಅಳೆದು ತೋರಿಸಿ ವಿಧಾನವನ್ನು ಎಲ್ಲರ ಕೈಗೆ ಕೊಟ್ಟಿದ್ದರಲ್ಲಿ.

ಇನ್ನು ಕೊರತೆಗಳು. ಲೇಖಕರು ವರದಿ ಮಾಡಿದ್ದು 20 ರೋಗಿಗಳನ್ನು. ಬದುಕುಳಿದವರು ಶೇಕಡಾ 70. ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಅವರು ಆಸ್ಪತ್ರೆಯಲ್ಲಿದ್ದವರು, ಹಲವರ ಹೃದಯ ನಿಂತದ್ದು ಅರಿವಳಿಕೆ ಕೊಟ್ಟ ಹೊತ್ತಿನಲ್ಲಿ, ವೈದ್ಯರ ಕಣ್ಣೆದುರಿಗೆ. ರಸ್ತೆಯಲ್ಲೋ ಮನೆಯಲ್ಲೋ ಕುಸಿದವರಿಗೆ ಈ ಪ್ರಮಾಣ ಅನ್ವಯಿಸದು. ಅಲ್ಲಿ ಬದುಕುವವರು ಇದಕ್ಕಿಂತ ಬಹಳ ಕಡಿಮೆ. ದೂರದರ್ಶನದ ಧಾರಾವಾಹಿಗಳು ಇದೇ ತಪ್ಪನ್ನು ದೊಡ್ಡದು ಮಾಡಿವೆ. 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೂರು ಅಮೆರಿಕನ್ ಕಾರ್ಯಕ್ರಮಗಳ 97 ಕಂತುಗಳನ್ನು ಪರಿಶೀಲಿಸಿತು; ತೆರೆಯ ಮೇಲೆ ಶೇಕಡಾ 75 ಮಂದಿ ತಕ್ಷಣ ಚೇತರಿಸಿಕೊಂಡಿದ್ದರು. ಅಂಥ ನಿರೀಕ್ಷೆ ಇಟ್ಟುಕೊಂಡವರು ಎರಡು ನಿಮಿಷದಲ್ಲಿ ಫಲ ಕಾಣದೆ ಕೈ ಬಿಡುವ ಅಪಾಯವಿದೆ.

ಎರಡನೆಯ ಕೊರತೆ ವಿವರಣೆಯದು. ಎದೆಮೂಳೆ ಮತ್ತು ಬೆನ್ನೆಲುಬಿನ ನಡುವೆ ಹೃದಯ ಅದುಮಲ್ಪಟ್ಟು ರಕ್ತ ಹೊರಬರುತ್ತದೆ ಎಂದು ಲೇಖಕರು ಹೇಳಿದರು. 1976ರಲ್ಲಿ ಕ್ರೈಲಿ ಮತ್ತು ಸಂಗಡಿಗರು ಒಂದು ವಿಚಿತ್ರವನ್ನು ವರದಿ ಮಾಡಿದರು. ಹೃದಯ ಪರೀಕ್ಷೆಯ ಮೇಜಿನ ಮೇಲೆ ಲಯ ತಪ್ಪಿದ ಕೆಲವು ರೋಗಿಗಳು ಜೋರಾಗಿ ಕೆಮ್ಮುತ್ತಲೇ ಕೆಲವು ಸೆಕೆಂಡು ಎಚ್ಚರವಾಗಿದ್ದರು. ಅವರ ಎದೆಯನ್ನು ಯಾರೂ ಒತ್ತಿರಲಿಲ್ಲ! 1980ರ ಸುಮಾರಿಗೆ ಜಾನ್ಸ್ ಹಾಪ್ಕಿನ್ಸ್‌ನಲ್ಲೇ ವೈಸ್‌ಫೆಲ್ಟ್ ಮತ್ತು ಸಹೋದ್ಯೋಗಿಗಳು, ಇಡೀ ಎದೆಗೂಡಿನ ಒಳ ಒತ್ತಡ ಏರುವುದೂ ರಕ್ತವನ್ನು ತಳ್ಳುತ್ತದೆ ಎಂದು ತೋರಿಸಿದರು. ಈಗ ಎರಡೂ ಕ್ರಿಯೆಗಳಿಗೆ ಪಾಲಿದೆ ಎಂದು ತಿಳಿಯಲಾಗಿದೆ. ವಿಧಾನ ಸರಿಯಿದ್ದೂ ವಿವರಣೆ ಅಪೂರ್ಣವಾಗಿರಬಹುದು ಎಂಬುದಕ್ಕೆ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಉದಾಹರಣೆ.

ಈ ಕೆಮ್ಮಿನ ಕತೆಗೆ ಒಂದು ಅಪಾಯಕಾರಿ ಬಾಲವೂ ಬೆಳೆದಿದೆ. 'ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಕೆಮ್ಮಿ ಬದುಕಿಕೊಳ್ಳಿ' ಎಂಬ ಸಂದೇಶ ನಿಮ್ಮ ದೂರವಾಣಿಗೂ ಬಂದಿರಬಹುದು. ಇಲ್ಲಿ ಎರಡು ಸ್ಥಿತಿಗಳನ್ನು ಬೆರೆಸಲಾಗಿದೆ. ಹೃದಯಾಘಾತವೆಂದರೆ ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು. ಸಾಮಾನ್ಯವಾಗಿ ರೋಗಿಗೆ ಎಚ್ಚರವಿರುತ್ತದೆ, ಅವರು ಮಾಡಬೇಕಾದ್ದು ಕೂಡಲೇ ಆಂಬುಲೆನ್ಸ್ ಕರೆಯುವುದು. ಹೃದಯ ಸ್ತಂಭನವೆಂದರೆ ರಕ್ತಚಲನೆಯೇ ನಿಲ್ಲುವುದು. ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ, ಕೆಮ್ಮುವ ಮಾತೇ ಇಲ್ಲ. ನಮ್ಮ ಪತ್ರಿಕೆಗಳು ಎರಡಕ್ಕೂ 'ಹೃದಯಾಘಾತ' ಎಂದೇ ಬರೆಯುತ್ತವೆ. ಅಧ್ಯಾಪಕರಾದರೂ ಈ ವ್ಯತ್ಯಾಸವನ್ನು ಉಳಿಸಿಕೊಳ್ಳಬೇಕು.

ಮೂರನೆಯದು ಅಳತೆಗಳು. ನಿಮಿಷಕ್ಕೆ ಸುಮಾರು 60 ಬಾರಿ, 3ರಿಂದ 4 ಸೆಂಟಿಮೀಟರ್ ಆಳ ಎಂದು ಪ್ರಬಂಧ ಹೇಳಿತು. ಇಂದಿನ ಸೂಚನೆ ವಯಸ್ಕರಿಗೆ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳ. ಹೀಗೆ ಸರಿಯಾಗಿ ಒತ್ತಿದರೂ ದೊರೆಯುವ ರಕ್ತಪ್ರವಾಹ ಸಹಜ ಹೃದಯದ್ದರ ಕಾಲು ಭಾಗದಿಂದ ಮೂರನೇ ಒಂದು ಭಾಗ ಮಾತ್ರ. ಅದರಲ್ಲೂ ಉಳಿತಾಯ ಮಾಡಿದರೆ ಮಿದುಳಿಗೆ ಉಳಿಯುವುದೇನು?

ಒಂದು ಮಾತು ಮಾತ್ರ ಅಂದಿಗೂ ಇಂದಿಗೂ ಬದಲಾಗಿಲ್ಲ. ಪ್ರತಿ ಒತ್ತಿನ ಕೊನೆಗೆ ಎದೆ ಪೂರ್ತಿ ಹಿಗ್ಗಲು ಬಿಡಿ ಎಂದು ಪ್ರಬಂಧ ಹೇಳುತ್ತದೆ. ಅಲ್ಲಿನ ಅತ್ಯಂತ ಬೆಲೆಯುಳ್ಳ ಮಾತು ಇದೇ ಎಂದು ನನ್ನ ಅಭಿಪ್ರಾಯ. ಎದೆ ಹಿಗ್ಗಿದಾಗಲೇ ರಕ್ತ ಹೃದಯಕ್ಕೆ ಮರಳುವುದು. ಹೃದಯದ ಸ್ನಾಯುವಿಗೆ ರಕ್ತ ಸಿಗುವುದೂ ಮುಖ್ಯವಾಗಿ ಆಗಲೇ. ಆ ಪ್ರವಾಹಕ್ಕೆ ಬೇಕಾದ ಒತ್ತಡ ಹಲವು ಒತ್ತುಗಳ ಬಳಿಕ ನಿಧಾನವಾಗಿ ಏರುತ್ತದೆ, ಕೈ ನಿಲ್ಲಿಸಿದರೆ ಬೇಗ ಇಳಿಯುತ್ತದೆ. ಆದ್ದರಿಂದಲೇ ನಡುವೆ ನಿಲ್ಲಿಸಬಾರದು.

ತರಗತಿಗೆ ಒಂದು ಲೆಕ್ಕ. ವಯಸ್ಕರ ಎದೆಯನ್ನು 5 ಸೆಂಟಿಮೀಟರ್ ಒತ್ತಲು ಸುಮಾರು 500 ನ್ಯೂಟನ್ ಬಲ ಬೇಕೆಂದಿಟ್ಟುಕೊಳ್ಳಿ. ಎದೆಯನ್ನು ಸ್ಪ್ರಿಂಗ್ ಎಂದು ಭಾವಿಸಿ. ಒಂದು ಒತ್ತಿಗೆ ಆಗುವ ಕೆಲಸ 12.5 ಜೂಲ್. ನಿಮಿಷಕ್ಕೆ 110 ಒತ್ತುಗಳಾದರೆ ಸಾಮರ್ಥ್ಯ ಸುಮಾರು 23 ವಾಟ್. ಇದು ಸ್ಥೂಲ ಲೆಕ್ಕ. ಒತ್ತುವವರು ತಮ್ಮ ಮೈಯನ್ನೂ ಪ್ರತಿ ಬಾರಿ ಎತ್ತಬೇಕು. ಮೊಣಕೈ ಮಡಿಸಿದರೆ ಭಾರವೆಲ್ಲ ತೋಳಿನ ಸ್ನಾಯುಗಳ ಮೇಲೆ. ನೇರವಾಗಿಟ್ಟರೆ ಮೈತೂಕವೇ ಕೆಲಸ ಮಾಡುತ್ತದೆ. ಆದರೂ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗುವುದು ಒಳ್ಳೆಯದು.

ಹಾಗಾದರೆ ನಾವು ಮಾಡಬೇಕಾದ್ದೇನು? ಕುಸಿದವರ ಭುಜ ತಟ್ಟಿ ಕರೆಯಿರಿ. ಉತ್ತರವಿಲ್ಲ, ಸಹಜ ಉಸಿರಾಟವೂ ಇಲ್ಲ ಎಂದಾದರೆ ಯಾರಿಂದಲಾದರೂ 108 ಅಥವಾ 112ಕ್ಕೆ ಕರೆ ಮಾಡಿಸಿ. ಇದಕ್ಕೆ 10 ಸೆಕೆಂಡಿಗಿಂತ ಹೆಚ್ಚು ಯೋಚಿಸಬೇಡಿ. ಆಗೊಮ್ಮೆ ಈಗೊಮ್ಮೆ ಬರುವ ಗೊರಗೊರ ಸದ್ದು ಉಸಿರಾಟವಲ್ಲ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ ಇಟ್ಟು ಒತ್ತಿ. ಪಕ್ಕೆಲುಬು ಮುರಿಯಬಹುದು, ಆ ಭಯಕ್ಕೆ ನಿಲ್ಲಿಸಬೇಡಿ. ತರಬೇತಿ ಪಡೆದವರು 30 ಒತ್ತುಗಳಿಗೆ 2 ಬಾರಿ ಉಸಿರು ಕೊಡುತ್ತಾರೆ. ಮಕ್ಕಳಿಗೆ ಮತ್ತು ನೀರಿನಲ್ಲಿ ಮುಳುಗಿದವರಿಗೆ ಉಸಿರು ಕೊಡುವುದು ವಿಶೇಷವಾಗಿ ಮುಖ್ಯ. ತರಬೇತಿ ಇಲ್ಲದವರಿಗೆ ಒತ್ತುವುದಷ್ಟೇ ಸಾಕು. ಭಾರತದ ಅರಿವಳಿಕೆ ತಜ್ಞರು 2017ರಲ್ಲಿ ಜನಸಾಮಾನ್ಯರಿಗಾಗಿ ಪ್ರಕಟಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಡಿಫಿಬ್ರಿಲೇಟರ್ ಯಂತ್ರ ಹತ್ತಿರವಿದ್ದರೆ ತರಿಸಿ, ಅದು ಹೇಳಿದಂತೆ ಮಾಡಿ. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ.

ಯಾರು ಬೇಕಾದರೂ ಮಾಡಬಹುದು ಎಂದ ಪ್ರಬಂಧ, ಅವರಿಗೆ ಯಾರು ಕಲಿಸಬೇಕು ಎಂಬುದನ್ನು ಹೇಳಲಿಲ್ಲ. ಅದನ್ನು ನಾಲ್ಕು ಪುಟಗಳ ಕೊರತೆ ಎನ್ನಲಾರೆ. ಅದು ನಮ್ಮ ಪಾಲಿನ ಕೆಲಸ. ಹೃದಯದ ನಾಲ್ಕು ಕೋಣೆಗಳ ಚಿತ್ರ ಬರೆಸಿ ಅಂಕ ಕೊಡುವ ನಾವು, ಅದು ನಿಂತಾಗ ಕೈ ಎಲ್ಲಿಡಬೇಕೆಂದು ಕಲಿಸುವುದಿಲ್ಲ. ನಿಮ್ಮ ಶಾಲೆಗೆ ಹತ್ತಿರದ ವೈದ್ಯರನ್ನು ಕರೆಸಿ, ಗೊಂಬೆಯ ಮೇಲೆ ಅಭ್ಯಾಸ ಮಾಡಿಸಿ. ಗೊಂಬೆ ಸಿಗದಿದ್ದರೆ ಗಟ್ಟಿ ದಿಂಬಾದರೂ ಆದೀತು. ಆರೋಗ್ಯವಂತರ ಎದೆಯ ಮೇಲೆ ಮಾತ್ರ ಅಭ್ಯಾಸ ಬೇಡ. ವರ್ಷಕ್ಕೆ ಎರಡು ಪೀರಿಯಡ್ ಸಾಕು. ಆ ದಿನ ನಮ್ಮ ಕೊಠಡಿಯಲ್ಲಿ ಒಬ್ಬರಿಗಾದರೂ ಅಷ್ಟು ಪಾಠವಾಗಿದ್ದರೆ, ಅವರು ಬದುಕುತ್ತಿದ್ದರು ಎಂದು ನಾನು ಹೇಳಲಾರೆ. ಆದರೆ ಅವರಿಗೆ ಒಂದು ಅವಕಾಶ ಇರುತ್ತಿತ್ತು.