ರೇಸ್ ಕ್ಯಾಮ್‌ಶಾಫ್ಟ್: ಪಟ್ಟಿ ಹೇಳುವುದೆಷ್ಟು, ಬಿಡುವುದೆಷ್ಟು?

ಅಗಲವಾದ ನಾಲ್ಕು ಚಕ್ರಗಳು, ಮೋಟಾರ್ ಸೈಕಲ್ಲಿನಂಥ ಹ್ಯಾಂಡಲ್, ಕಾಲು ಇಳಿಬಿಟ್ಟು ಕೂರುವ ಸೀಟು. ಇದು ಕ್ವಾಡ್ ಬೈಕ್. ಅಮೆರಿಕದಲ್ಲಿ ಮಣ್ಣಿನ ದಿಬ್ಬಗಳ ಪಥದ ಮೇಲೆ ಇವುಗಳ ಮೋಟೊಕ್ರಾಸ್ ಸ್ಪರ್ಧೆ ನಡೆಯುತ್ತದೆ. 2004ರ ಮಾದರಿಗಳಾಗಿ ಬಂದ ಯಮಾಹಾ ವೈಎಫ್‌ಜೆಡ್ 450 ಮತ್ತು ಹೋಂಡಾ ಟಿಆರ್‌ಎಕ್ಸ್ 450ಆರ್ ಇಂಥ ಓಟಕ್ಕೆ ಒಗ್ಗುವಂತೆ ರೂಪಿಸಿದ, ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ವಾಹನಗಳು. ಎಂಜಿನ್ನಿಗೆ ಇನ್ನಷ್ಟು ಶಕ್ತಿ ಬೇಕೆನ್ನುವ ಸವಾರನ ಕಣ್ಣು ಬೀಳುವ ಭಾಗಗಳಲ್ಲಿ ಕ್ಯಾಮ್‌ಶಾಫ್ಟ್ ಒಂದು. ಅದನ್ನು ಮಾರುವವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುವುದು ಇಷ್ಟು: ಕವಾಟ ಎಷ್ಟು ಮೇಲೇಳುತ್ತದೆ ಎಂಬ ಲಿಫ್ಟ್, ಎಷ್ಟು ಡಿಗ್ರಿ ತೆರೆದಿರುತ್ತದೆ ಎಂಬ ಡ್ಯುರೇಶನ್, 'ಸ್ಟೇಜ್ 1', 'ಸ್ಟೇಜ್ 2' ಎಂಬ ದರ್ಜೆ. ಜೊತೆಗೆ ಗರಿಷ್ಠ ಶಕ್ತಿ ಎಷ್ಟು ಹೆಚ್ಚುತ್ತದೆ ಎಂಬ ಆಶ್ವಾಸನೆ.

ಕ್ವಾಡ್ ಬೈಕನ್ನು ನೀವು ಎಂದೂ ಓಡಿಸದಿರಬಹುದು. ಆದರೆ ಒಂದು ಅಳತೆಯನ್ನು ಹೇಗೆ ಓದಬೇಕು, ಯಾವಾಗ ಅದು ಅಪೂರ್ಣ ಎಂದು ತಿಳಿಯಬೇಕು ಎಂಬುದು ಭೌತವಿಜ್ಞಾನದ ತರಗತಿಯ ಪ್ರಶ್ನೆಯೂ ಹೌದು. ಈ ಪಟ್ಟಿಗಳನ್ನು ಆ ದೃಷ್ಟಿಯಿಂದ ಪರಿಶೀಲಿಸೋಣ.

ಕ್ಯಾಮ್ ಮಾಡುವ ಕೆಲಸ

ಕ್ಯಾಮ್‌ಶಾಫ್ಟ್ ಎಂದರೆ ಮೊಟ್ಟೆಯಾಕಾರದ ಉಬ್ಬುಗಳಿರುವ ದಂಡ. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ಇದು ಒಂದು ಸುತ್ತು ತಿರುಗಿ ಕವಾಟಗಳನ್ನು ತೆರೆಯುತ್ತದೆ. ಪಿಸ್ಟನ್ ಕೆಳಗಿಳಿಯತೊಡಗಿದಾಗ ಪ್ರವೇಶ ಕವಾಟ ತೆರೆದು, ಕೆಳತುದಿ ಮುಟ್ಟಿದಾಗ ಮುಚ್ಚುತ್ತದೆ ಎಂದು ಪಠ್ಯಪುಸ್ತಕದ ಚಿತ್ರ ತೋರಿಸುತ್ತದೆ. ನಿಜವಾದ ಎಂಜಿನ್ನಿನಲ್ಲಿ ಹಾಗಿಲ್ಲ. ಕವಾಟ ಸ್ವಲ್ಪ ಮೊದಲೇ ತೆರೆಯುತ್ತದೆ, ಪಿಸ್ಟನ್ ಮೇಲೇರತೊಡಗಿದ ಮೇಲೂ ಕೆಲಕಾಲ ತೆರೆದೇ ಇರುತ್ತದೆ.

ಏಕೆ? ಒಂದು ಲೆಕ್ಕ ಮಾಡಿ ನೋಡಿ. ನಿಮಿಷಕ್ಕೆ 10,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ಸುತ್ತಿಗೆ 6 ಮಿಲಿಸೆಕೆಂಡ್. ಕವಾಟ 250 ಡಿಗ್ರಿ ತೆರೆದಿದ್ದರೆ ಸಿಲಿಂಡರ್ ತುಂಬಲು ಸಿಗುವ ಸಮಯ ಸುಮಾರು 4.2 ಮಿಲಿಸೆಕೆಂಡ್. ಆ ವೇಗದಲ್ಲಿ ಒಳನುಗ್ಗುವ ಗಾಳಿಗೆ ಜಡತ್ವವಿರುತ್ತದೆ. ಪಿಸ್ಟನ್ ಮೇಲೇರತೊಡಗಿದರೂ ಅದು ಒಳಗೆ ಬರುತ್ತಲೇ ಇರುತ್ತದೆ. ಅದೇ ಎಂಜಿನ್ 3,000 ಸುತ್ತಿನಲ್ಲಿದ್ದಾಗ ಸಿಗುವ ಸಮಯ ಸುಮಾರು 13.9 ಮಿಲಿಸೆಕೆಂಡ್. ಗಾಳಿ ನಿಧಾನ, ಜಡತ್ವ ಕಡಿಮೆ. ಮೇಲೇರುವ ಪಿಸ್ಟನ್ ಒಳಗೆ ಬಂದದ್ದರಲ್ಲಿ ಒಂದಿಷ್ಟನ್ನು ವಾಪಸು ತಳ್ಳುತ್ತದೆ. ಆದ್ದರಿಂದ ಪ್ರತಿ ಕ್ಯಾಮ್ ಕೂಡ ಒಂದು ವೇಗದ ವ್ಯಾಪ್ತಿಗೆ ಒಪ್ಪಿಸಿದ ರಾಜಿ. ಎಲ್ಲ ವೇಗಕ್ಕೂ 'ಉತ್ತಮ' ಎನಿಸುವ ಸ್ಥಿರ ಕ್ಯಾಮ್ ಇಲ್ಲ.

ಎಲ್ಲಿಂದ ಅಳೆದ ಡಿಗ್ರಿ?

ಪಟ್ಟಿಗಳ ಮೇಲಿನ ಮೊದಲ ಆಕ್ಷೇಪ ಅಳತೆಯದು. ಉಬ್ಬಿನ ಎರಡೂ ಬದಿಗಳಲ್ಲಿ ಮೃದುವಾದ ಇಳಿಜಾರಿರುತ್ತದೆ. ಕವಾಟ ಕೂದಲೆಳೆಯಷ್ಟು ಎದ್ದಾಗಿನಿಂದ ಎಣಿಸಿದರೆ ಡ್ಯುರೇಶನ್ ದೊಡ್ಡದಾಗಿ ಕಾಣುತ್ತದೆ. ಅಮೆರಿಕದ ಕ್ಯಾಮ್ ತಯಾರಕರು ಸಾಮಾನ್ಯವಾಗಿ 0.050 ಅಂಗುಲ, ಅಂದರೆ 1.27 ಮಿಲಿಮೀಟರ್ ಎದ್ದಾಗಿನಿಂದ ಎಣಿಸುತ್ತಾರೆ. ಹೋಂಡಾದಂಥ ಜಪಾನಿನ ಕಂಪನಿಗಳ ಕೈಪಿಡಿಗಳಲ್ಲಿ 1 ಮಿಲಿಮೀಟರ್ ರೂಢಿ. ಹಗಲು ಎಷ್ಟು ಹೊತ್ತು ಎಂದು ಕೇಳಿದಂತೆಯೇ ಇದು. ಅರುಣೋದಯದಿಂದ ಎಣಿಸಿದರೆ ಒಂದು ಉತ್ತರ, ಸೂರ್ಯ ದಿಗಂತ ದಾಟಿದ ಮೇಲೆ ಎಣಿಸಿದರೆ ಇನ್ನೊಂದು. ಎಣಿಕೆ ಶುರುವಾದ ಬಿಂದುವನ್ನು ಹೇಳದೆ ಎರಡು ಕ್ಯಾಮ್‌ಗಳನ್ನು ಹೋಲಿಸುವುದು ಸೆಂಟಿಮೀಟರನ್ನು ಅಂಗುಲದ ಜೊತೆ ಕೂಡಿಸಿದಷ್ಟೇ ಅರ್ಥಹೀನ. 'ಸ್ಟೇಜ್' ಎಂಬುದಂತೂ ಅಳತೆಯೇ ಅಲ್ಲ. ಒಬ್ಬ ಮಾರಾಟಗಾರನ ಸ್ಟೇಜ್ 2 ಇನ್ನೊಬ್ಬನ ಸ್ಟೇಜ್ 2ಕ್ಕೆ ಸಮ ಎನ್ನಲು ಯಾವ ಮಾನಕವೂ ಇಲ್ಲ.

ಅಳತೆಯ ಬಿಂದು ಒಂದೇ ಎಂದಿಟ್ಟುಕೊಳ್ಳಿ. ಆಗಲೂ ಡ್ಯುರೇಶನ್ ಅರ್ಧ ಮಾತ್ರ ಹೇಳುತ್ತದೆ. ಮೊದಲ ಕ್ಯಾಮ್‌ನ ಪ್ರವೇಶ ಕವಾಟ ಪಿಸ್ಟನ್ ಮೇಲ್ತುದಿ ತಲುಪುವ 20 ಡಿಗ್ರಿ ಮೊದಲು ತೆರೆದು, ಕೆಳತುದಿ ದಾಟಿದ 50 ಡಿಗ್ರಿಗೆ ಮುಚ್ಚುತ್ತದೆ. 20, 180, 50 ಕೂಡಿಸಿದರೆ 250. ಎರಡನೆಯದು 10 ಡಿಗ್ರಿ ಮೊದಲು ತೆರೆದು 60 ಡಿಗ್ರಿಗೆ ಮುಚ್ಚುತ್ತದೆ. ಮೊತ್ತ ಆಗಲೂ 250. ಪಟ್ಟಿಯಲ್ಲಿ ಇವೆರಡೂ ಒಂದೇ. ಎಂಜಿನ್ನಿನಲ್ಲಿ ಮಾತ್ರ ತಡವಾಗಿ ಮುಚ್ಚುವ ಎರಡನೆಯದು ಕಡಿಮೆ ವೇಗದಲ್ಲಿ ಸಪ್ಪೆ, ಹೆಚ್ಚು ವೇಗದಲ್ಲಿ ಚುರುಕು. ತಮಾಷೆಯೆಂದರೆ ಇವು ಬೇರೆ ಬೇರೆ ಕ್ಯಾಮ್‌ಗಳೇ ಆಗಬೇಕಿಲ್ಲ. ಒಂದೇ ಕ್ಯಾಮನ್ನು ಹಲ್ಲುಚಕ್ರದ ಮೇಲೆ 5 ಡಿಗ್ರಿ ತಿರುಗಿಸಿ ಕೂರಿಸಿದರೂ ಈ ವ್ಯತ್ಯಾಸ ಬರುತ್ತದೆ!

ಇಲ್ಲಿ ಎಂಜಿನ್ನಿನ ರಚನೆಯೂ ಮುಖ್ಯ. ಯಮಾಹಾದ ಐದು ಕವಾಟಗಳ ಎಂಜಿನ್ನಿನಲ್ಲಿ ಪ್ರವೇಶಕ್ಕೂ ನಿರ್ಗಮಕ್ಕೂ ಬೇರೆ ಬೇರೆ ಕ್ಯಾಮ್‌ಶಾಫ್ಟ್‌ಗಳಿವೆ. ಹೊಂದಿಸಬಲ್ಲ ಹಲ್ಲುಚಕ್ರ ಹಾಕಿದರೆ ಅವುಗಳ ನಡುವಿನ ಕೋನವನ್ನು ಬದಲಿಸಬಹುದು. ಹೋಂಡಾ 'ಯೂನಿಕ್ಯಾಮ್' ಎಂದು ಕರೆಯುವ ರಚನೆಯಲ್ಲಿ ಇರುವುದು ಒಂದೇ ದಂಡ. ಅದು ಪ್ರವೇಶ ಕವಾಟಗಳನ್ನು ನೇರವಾಗಿ ಒತ್ತುತ್ತದೆ, ನಿರ್ಗಮ ಕವಾಟಗಳನ್ನು ರಾಕರ್ ಎಂಬ ಸನ್ನೆಯ ಮೂಲಕ ಒತ್ತುತ್ತದೆ. ಎರಡರ ನಡುವಿನ ಕೋನ ದಂಡದಲ್ಲೇ ಕೆತ್ತಿಹೋಗಿದೆ, ಆಮೇಲೆ ತಿದ್ದಲಾಗದು. ಕೊಳ್ಳುವಾಗಲೇ ಸರಿಯಾಗಿ ಆರಿಸಬೇಕು.

ಎತ್ತರಕ್ಕೂ ಮಿತಿಯುಂಟು

'ಹೆಚ್ಚು ಲಿಫ್ಟ್' ಎಂಬುದು ಪಟ್ಟಿಗಳ ಇನ್ನೊಂದು ಹೆಮ್ಮೆ. ಕವಾಟದ ವ್ಯಾಸ ಡಿ, ಲಿಫ್ಟ್ ಎಲ್ ಆದರೆ ಗಾಳಿ ನುಸುಳುವ ಪಟ್ಟಿಯಂಥ ತೆರಪಿನ ವಿಸ್ತೀರ್ಣ ಪೈ × ಡಿ × ಎಲ್. ಕವಾಟದ ವಿಸ್ತೀರ್ಣ ಪೈ × ಡಿ² ÷ 4. ಇವೆರಡನ್ನೂ ಸಮೀಕರಿಸಿದರೆ ಎಲ್ = ಡಿ ÷ 4. ಅಂದರೆ 36 ಮಿಲಿಮೀಟರ್ ಕವಾಟಕ್ಕೆ 9 ಮಿಲಿಮೀಟರ್. ಅದರಾಚೆ ಲಿಫ್ಟ್ ಹೆಚ್ಚಿಸಿದರೆ ಲಾಭವೇ ಇಲ್ಲವೆಂದಲ್ಲ, ಆದರೆ ಲಾಭ ಕುಗ್ಗುತ್ತಾ ಹೋಗುತ್ತದೆ. ಸ್ಪ್ರಿಂಗಿನ ಮೇಲಿನ ಹೊರೆಯಾದರೋ ಏರುತ್ತಲೇ ಇರುತ್ತದೆ. 10,000 ಸುತ್ತಿನಲ್ಲಿ ಪ್ರತಿ ಕವಾಟ ಸೆಕೆಂಡಿಗೆ ಸುಮಾರು 83 ಬಾರಿ ತೆರೆದು ಮುಚ್ಚಬೇಕು. ಸ್ಪ್ರಿಂಗ್ ಸೋತರೆ ಕವಾಟ ಉಬ್ಬಿನ ಹಿಡಿತ ಬಿಟ್ಟು ತೇಲುತ್ತದೆ, ಮೇಲೇರುವ ಪಿಸ್ಟನ್ನಿಗೆ ಬಡಿಯಬಹುದು. ಆಗ ಹಾಳಾಗುವುದು ಕ್ಯಾಮ್ ಒಂದೇ ಅಲ್ಲ, ಇಡೀ ಎಂಜಿನ್.

ಶಿಖರವಲ್ಲ, ಇಳಿಜಾರೂ ಬೇಕು

ಎಲ್ಲಕ್ಕಿಂತ ದೊಡ್ಡ ಆಕ್ಷೇಪ ಗರಿಷ್ಠ ಶಕ್ತಿಯ ಅಂಕಿಯ ಬಗ್ಗೆ. ಉದಾಹರಣೆಗಾಗಿ ಎರಡು ಕ್ಯಾಮ್‌ಗಳನ್ನು ಊಹಿಸಿಕೊಳ್ಳಿ. 6,000 ಸುತ್ತಿನಲ್ಲಿ ಸಾಧಾರಣ ಕ್ಯಾಮ್ 40 ನ್ಯೂಟನ್-ಮೀಟರ್ ಟಾರ್ಕ್ ಕೊಟ್ಟರೆ ರೇಸ್ ಕ್ಯಾಮ್ 34 ಕೊಡುತ್ತದೆ. 9,500 ಸುತ್ತಿನಲ್ಲಿ ಸಾಧಾರಣದ್ದು 32, ರೇಸಿನದು 36. ಟಾರ್ಕನ್ನು ಕೋನವೇಗದಿಂದ ಗುಣಿಸಿದರೆ ಶಕ್ತಿ ಸಿಗುತ್ತದೆ. ಮೇಲಿನ ವೇಗದಲ್ಲಿ ರೇಸ್ ಕ್ಯಾಮ್ 35.8 ಕಿಲೋವ್ಯಾಟ್, ಸಾಧಾರಣದ್ದು 31.8. ಪಟ್ಟಿ ಸಾರುವುದು ಈ 4 ಕಿಲೋವ್ಯಾಟ್ ಲಾಭವನ್ನು. ಕೆಳಗಿನ ವೇಗದಲ್ಲಿ 25.1ರ ಬದಲು 21.4 ಆಗಿ 3.7 ಕಿಲೋವ್ಯಾಟ್ ನಷ್ಟವಾದದ್ದನ್ನು ಅದು ಹೇಳುವುದಿಲ್ಲ. ತಿರುವಿನಿಂದ ಹೊರಬೀಳುವಾಗ ಸವಾರ ಇರುವುದು ಆ ಕೆಳಗಿನ ವೇಗದಲ್ಲೇ. ಅಲ್ಲಿ ಕಳೆದುಕೊಂಡದ್ದನ್ನು ಮುಂದಿನ ನೇರ ಹಾದಿಯಲ್ಲಿ ಗಳಿಸಲು ಹಾದಿ ಸಾಕಷ್ಟು ಉದ್ದವಿರಬೇಕು.

ಓಟ ಬದಲಾದರೆ ಉತ್ತರವೂ ಬದಲಾಗುತ್ತದೆ. ಡಕಾರ್ ರ್‍ಯಾಲಿಯ ಕ್ವಾಡ್ ವಿಭಾಗದಲ್ಲಿ 2010ರಿಂದ 2013ರವರೆಗೆ ಅರ್ಜೆಂಟೀನಾದ ಸೋದರರಾದ ಮಾರ್ಕೋಸ್ ಮತ್ತು ಅಲೆಹಾಂಡ್ರೊ ಪ್ಯಾಟ್ರೊನೆಲ್ಲಿ ತಲಾ ಎರಡು ಬಾರಿ ಗೆದ್ದದ್ದು 686 ಸಿಸಿಯ ಯಮಾಹಾ ರ್‍ಯಾಪ್ಟರ್ 700 ಮೇಲೆ. ಸಾವಿರಾರು ಕಿಲೋಮೀಟರ್ ಮರಳು, ಕಲ್ಲಿನ ಹಾದಿಯಲ್ಲಿ ಬಾಳಿಕೆ ಬೇಕು, ಅಗಲವಾದ ಟಾರ್ಕ್ ಬೇಕು. ಚುಟುಕಾದ ಮೋಟೊಕ್ರಾಸ್ ಸುತ್ತಿನ ಲೆಕ್ಕ ಅಲ್ಲಿ ನಡೆಯದು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಒಳ್ಳೆಯ ತಯಾರಕರು ಕ್ಯಾಮ್ ಜೊತೆ ಒಂದು ಚೀಟಿ ಕೊಡುತ್ತಾರೆ. ತೆರೆಯುವ, ಮುಚ್ಚುವ ಕೋನಗಳು, ಅಳೆದ ಬಿಂದು, ಕವಾಟದ ಸಡಿಲ, ಬೇಕಾದ ಸ್ಪ್ರಿಂಗ್ ಎಲ್ಲವೂ ಅದರಲ್ಲಿರುತ್ತವೆ. ದೋಷವೆಂದರೆ, ಆರಿಸಲು ಬೇಕಾದ ಈ ಮಾಹಿತಿ ಕೈಸೇರುವುದು ಹಣ ಕೊಟ್ಟ ಮೇಲೆ. ಪಟ್ಟಿಯಲ್ಲೇ ಅದನ್ನೂ, ಇಡೀ ಟಾರ್ಕ್ ರೇಖೆಯನ್ನೂ ಮುದ್ರಿಸಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಹಾಗಾದರೆ ಯಾವುದನ್ನು ಆರಿಸಬೇಕು? ಉಳಿದ ಭಾಗಗಳು ಕಂಪನಿಯವೇ ಆಗಿದ್ದರೆ, ಪ್ರವೇಶ ಕವಾಟವನ್ನು ಬೇಗ ಮುಚ್ಚುವ ಸೌಮ್ಯ ಕ್ಯಾಮೇ ವಿವೇಕದ ಆಯ್ಕೆ. ದೊಡ್ಡ ಕ್ಯಾಮ್ ಬೇಕೆಂದರೆ ಸಂಪೀಡನ ಅನುಪಾತ, ಇಂಧನದ ಹೊಂದಾಣಿಕೆ, ಹೊಗೆ ಕೊಳವೆ, ಸ್ಪ್ರಿಂಗ್ ಇವೆಲ್ಲ ಅದಕ್ಕೆ ಹೊಂದಬೇಕು. ಯಾವುದನ್ನೇ ಹಾಕಿದರೂ ಪಿಸ್ಟನ್ ತಲೆಯ ಮೇಲೆ ಮೆತ್ತನೆ ಜೇಡಿ ಇಟ್ಟು, ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಜೇಡಿಯ ಮೇಲೆ ಕವಾಟದ ಗುರುತು ಎಷ್ಟು ಆಳಕ್ಕೆ ಬಿದ್ದಿದೆ, ಉಳಿದ ದಪ್ಪ ಎಷ್ಟು ಎಂದು ಅಳೆದ ಮೇಲೆಯೇ ಚಾಲೂ ಮಾಡಬೇಕು.

ಉಪಾಧ್ಯಾಯರು ಮೇಲಿನ ನಾಲ್ಕು ಟಾರ್ಕ್ ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆದು, ಯಾವ ಕ್ಯಾಮ್ ಉತ್ತಮ ಎಂದು ಮಕ್ಕಳನ್ನು ಕೇಳಿ ನೋಡಬಹುದು. 'ಯಾವ ಓಟಕ್ಕೆ?' ಎಂದು ತಿರುಗಿ ಕೇಳುವ ವಿದ್ಯಾರ್ಥಿಗೆ ಪೂರ್ಣ ಅಂಕ ಕೊಡಿ.