ಆನಂದಪುರದಲ್ಲಿ ಕೊಂದವರಿಗೂ ನಿಯಮ ಗೊತ್ತಿತ್ತು

ಹುಂಚದಲ್ಲಿ ಬಸ್ಸಿಗೆ ಕಾಯುತ್ತ ಹೋಟೆಲಿನಲ್ಲಿ ಕೂತಿದ್ದೆ. ಟಿ.ವಿ.ಯಲ್ಲಿ ಗಾಜಾದ ಸುದ್ದಿ ಬರುತ್ತಿತ್ತು. ಕುಸಿದ ಮನೆಯ ಅಡಿಯಿಂದ ಮಗುವೊಂದನ್ನು ಎತ್ತಿಕೊಂಡು ಒಬ್ಬಾತ ಓಡುತ್ತಿದ್ದ. ಪಕ್ಕದ ಮೇಜಿನಲ್ಲಿದ್ದ ಹಿರಿಯರು ಚಹಾದ ಲೋಟ ಕೆಳಗಿಟ್ಟು 'ಪಾಪ' ಎಂದರು. ಲೋಟ ಮತ್ತೆ ಎತ್ತಿಕೊಳ್ಳುವಾಗ, 'ಯುದ್ಧ ಅಂದ್ಮೇಲೆ ಇದೆಲ್ಲ ಇದ್ದದ್ದೇ ಮಾರಾಯ್ರೆ' ಎಂದೂ ಸೇರಿಸಿದರು. ಕಲ್ಲುಮನಸ್ಸಿನವರಲ್ಲ ಅವರು. ಎಲ್ಲರೂ ಆಡುವ ಮಾತನ್ನೇ ಆಡಿದರು. ಓದಿದವರು ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತಾರೆ: ಯುದ್ಧಕ್ಕೆ ನಿಯಮ ಎನ್ನುವುದು ಜಿನೀವಾದಲ್ಲಿ ಕೂತವರು ಮೊನ್ನೆ ಮೊನ್ನೆ ಬರೆದ ಕಾಗದ, ಹಿಂದಿನ ಕಾಲದಲ್ಲಿ ಗೆದ್ದವನ ಕತ್ತಿಯೇ ಕಾನೂನು, ಆ ಕಾಲವನ್ನು ಇಂದಿನ ಕಣ್ಣಿನಿಂದ ಅಳೆಯಬಾರದು.

ಇದು ತಪ್ಪು. ತಪ್ಪೆನ್ನಲು ಜಿನೀವಾಕ್ಕೆ ಹೋಗಬೇಕಿಲ್ಲ, ಆನಂದಪುರದವರೆಗೆ ಹೋದರೆ ಸಾಕು.

ಶಿವಮೊಗ್ಗ–ಸಾಗರ ರಸ್ತೆಯ ಆನಂದಪುರಕ್ಕೆ ಆಗ ಅನಂತಪುರ ಎಂಬ ಹೆಸರಿತ್ತು. 1782ರ ಡಿಸೆಂಬರಿನಲ್ಲಿ ಹೈದರಾಲಿ ತೀರಿಕೊಂಡ. ಮರುತಿಂಗಳೇ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಮುಂಬಯಿ ಸೈನ್ಯದೊಂದಿಗೆ ಕರಾವಳಿಯಿಂದ ಹೊಸಂಗಡಿ ಘಾಟಿ ಹತ್ತಿ ಬಿದನೂರಿಗೆ, ಎಂದರೆ ನಮ್ಮ ಇಂದಿನ ನಗರಕ್ಕೆ ಬಂದ. ಅಲ್ಲಿನ ಅಧಿಕಾರಿ ಅಯಾಜ್ ಕಾದಾಡದೆ ಊರು ಒಪ್ಪಿಸಿದ. ಆನಂದಪುರದ ಕೋಟೆ ಮಾತ್ರ ಹಾಗೆ ಕೈಗೆ ಸಿಗಲಿಲ್ಲ. ಶರಣಾಗುವ ಮಾತಾದ ಮೇಲೂ ಬಿಳಿ ನಿಶಾನೆ ಹಿಡಿದು ಹೋದವರ ಮೇಲೆ ಒಳಗಿನವರು ಕೈ ಮಾಡಿದರು ಎಂಬುದು ಇಂಗ್ಲಿಷರು ಕೊಟ್ಟ ಕಾರಣ. ಫೆಬ್ರವರಿಯಲ್ಲಿ ಕೋಟೆಗೆ ಲಗ್ಗೆ ಹಾಕಿ ಒಳಗಿದ್ದ ದಂಡಿನವರನ್ನು ಕಡಿದು ಹಾಕಿದರು.

ಆಮೇಲೆ ಲಂಡನ್ನಿನ 'ಆನ್ಯುಯಲ್ ರಿಜಿಸ್ಟರ್' ಎಂಬ ವಾರ್ಷಿಕ ಗ್ರಂಥದಲ್ಲಿ, ಆ ದಂಡಯಾತ್ರೆಯಲ್ಲಿದ್ದ ಕಿರಿಯ ಅಧಿಕಾರಿಯೊಬ್ಬ ಬರೆದದ್ದೆಂಬ ವೃತ್ತಾಂತ ಅಚ್ಚಾಯಿತು. ಕೋಟೆಯಲ್ಲಿ ಸುಮಾರು 400 ಹೆಂಗಸರು ಬಂದೂಕಿನ ಸನೀನಿನ ಇರಿತಕ್ಕೆ ಸಿಕ್ಕಿ ಸತ್ತರು ಎಂದು ಅದರಲ್ಲಿತ್ತು. ಇಂಗ್ಲೆಂಡಿನಲ್ಲಿ ಗದ್ದಲವೆದ್ದಿತು. ಮುಂಬಯಿ ಸೈನ್ಯದ ಅಧಿಕಾರಿಗಳು ಅದನ್ನು ಬಹಿರಂಗವಾಗಿ ಅಲ್ಲಗಳೆದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಆ 400ರ ಲೆಕ್ಕವನ್ನು ಹಿಡಿದು ನಾನು ವಾದ ಕಟ್ಟುವುದಿಲ್ಲ. ಅದು ತಕರಾರಿನ ಮಾತು. ಬ್ರಿಟಿಷರ ಕ್ರೌರ್ಯ ತೋರಿಸಬೇಕೆನ್ನುವವರು ಅದನ್ನು ಪರೀಕ್ಷಿಸದೆ ಎತ್ತಿಕೊಳ್ಳುವುದೂ ಸತ್ತವರಿಗೆ ಮಾಡುವ ಅನ್ಯಾಯವೇ. ನನಗೆ ಮುಖ್ಯವಾಗಿ ಕಾಣುವುದು ಆ ಅಧಿಕಾರಿಗಳು ಅಲ್ಲಗಳೆದ ರೀತಿ. 'ಯುದ್ಧ ಅಂದ ಮೇಲೆ ಇದ್ದದ್ದೇ' ಎಂದು ಅವರು ಹೇಳಲಿಲ್ಲ. 'ನಾವು ಅದನ್ನು ಮಾಡಿಲ್ಲ' ಎಂದರು. ಹೆಂಗಸರ ಮೇಲೆ ಕೈ ಮಾಡಿದರೆ ಅದು ಕಳಂಕ ಎಂಬುದು ತಿಳಿದಿದ್ದರಿಂದಲೇ ಆ ಮಾತು ಬಂತು. ದಂಡಿನವರನ್ನು ಕಡಿದದ್ದಕ್ಕೂ ಅವರು ಕಾರಣ ಕೊಟ್ಟರಷ್ಟೆ: ಎದುರಿನವರು ಬಿಳಿ ನಿಶಾನೆಗೆ ಬೆಲೆ ಕೊಡಲಿಲ್ಲ. ಕೊಂದದ್ದಕ್ಕೆ ಸಮರ್ಥನೆ ಹುಡುಕಿದ್ದೂ ಒಂದು ನಿಯಮದಲ್ಲೇ. ನಿಯಮವೇ ಇಲ್ಲದ ಕಾಲದಲ್ಲಿ ಸಮರ್ಥನೆ ಯಾರಿಗೆ ಬೇಕಿತ್ತು?

ಎರಡು ತಿಂಗಳಲ್ಲಿ ಸರದಿ ತಿರುಗಿತು. ಟಿಪ್ಪು ದೊಡ್ಡ ದಂಡು ತಂದು ಬಿದನೂರನ್ನು ಸುತ್ತುಗಟ್ಟಿದ. ಏಪ್ರಿಲ್ ಕೊನೆಯ ಹೊತ್ತಿಗೆ ಮ್ಯಾಥ್ಯೂಸ್ ಷರತ್ತಿನ ಮೇಲೆ ಶರಣಾದ. ಸೈನಿಕರು ಮರ್ಯಾದೆಯಿಂದ ಹೊರಬರಬೇಕು, ಸ್ವಂತ ಸಾಮಾನು ಇಟ್ಟುಕೊಳ್ಳಬಹುದು, ಸರ್ಕಾರಿ ಖಜಾನೆಯನ್ನು ಬಿಟ್ಟುಕೊಡಬೇಕು, ಅವರನ್ನು ಕರಾವಳಿಗೆ ಕಳಿಸಿಕೊಡಬೇಕು. ಖಜಾನೆ ನೋಡಿದರೆ ಬರಿದು. ಹೊರಟವರನ್ನು ತಡೆದು ಶೋಧಿಸಿದಾಗ ಗಂಟುಮೂಟೆಗಳಿಂದ ವರಹಗಳು ಉದುರಿದವು. ಷರತ್ತು ಮುರಿದವರು ನೀವು ಎಂದು ಟಿಪ್ಪು ಎಲ್ಲರಿಗೂ ಬೇಡಿ ತೊಡಿಸಿ ಚಿತ್ರದುರ್ಗಕ್ಕೂ ಶ್ರೀರಂಗಪಟ್ಟಣಕ್ಕೂ ನಡೆಸಿದ. ಮ್ಯಾಥ್ಯೂಸ್ ಸೆರೆಯಲ್ಲೇ ಸತ್ತ, ವಿಷ ಹಾಕಿ ಕೊಂದರು ಎಂದು ಜೊತೆಯ ಸೆರೆಯಾಳುಗಳು ನಂಬಿದ್ದರು. ಬದುಕುಳಿದವರು ಬಿಡುಗಡೆಯಾದದ್ದು 1784ರ ಮಾರ್ಚಿನ ಮಂಗಳೂರು ಒಪ್ಪಂದದ ಮೇಲೆ.

ಖಜಾನೆ ದೋಚಿದ್ದು ನಿಜವಾಗಿಯೂ ಮೋಸ. ಆದರೆ ಕದ್ದವನ ಮೇಲಿನ ಸಿಟ್ಟು, ಏನೂ ಕದಿಯದ ಬಡ ಸಿಪಾಯಿಯ ಕಾಲಿಗೆ ಬೇಡಿಯಾಗಿ ಬಿದ್ದದ್ದೂ ಅಷ್ಟೇ ನಿಜ. ಆನಂದಪುರದಲ್ಲಿ ಇಂಗ್ಲಿಷರು ಹೇಳಿದ್ದು, ನಗರದಲ್ಲಿ ಟಿಪ್ಪು ಹೇಳಿದ್ದು ಒಂದೇ ಮಾತು: ಎದುರಿನವನು ನಿಯಮ ಮುರಿದ, ಹಾಗಾಗಿ ನನಗಿನ್ನು ನಿಯಮವಿಲ್ಲ. ಇಂದಿಗೂ ಜಗತ್ತಿನಲ್ಲಿ ಊರಿಗೆ ಊರೇ ನೆಲಸಮವಾಗುವುದು ಈ ಒಂದು ಮಾತಿನ ಮೇಲೆ.

ಇನ್ನು ನಾವು. ಟಿಪ್ಪು ವಿಷಯ ಬಂದರೆ ನಮ್ಮಲ್ಲಿ ಎರಡು ಪಂಗಡ. ಒಂದಕ್ಕೆ ನಗರದ ಸೆರೆಯಾಳುಗಳು ಕಾಣುತ್ತಾರೆ, ಇನ್ನೊಂದಕ್ಕೆ ಆನಂದಪುರದ ಹೆಣಗಳು. 1791ರಲ್ಲಿ ತೀರ್ಥಹಳ್ಳಿಯ ಆಚೆಗಿನ ಶೃಂಗೇರಿಯನ್ನು ಮರಾಠರ ದಂಡಿನವರು ದೋಚಿದರು, ಜನರನ್ನು ಕೊಂದರು, ಶಾರದೆಯ ವಿಗ್ರಹವನ್ನೂ ಬಿಡಲಿಲ್ಲ. ಮಠದ ಗುರುಗಳಿಗೆ ಟಿಪ್ಪು ಬರೆದ ಪತ್ರಗಳು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರಿಗೆ ಸಿಕ್ಕಿದ ಮೇಲೆ ಇದು ಲೋಕಕ್ಕೆಲ್ಲ ತಿಳಿಯಿತು. ಅದನ್ನೂ ಒಬ್ಬರು ಟಿಪ್ಪುವಿನ ಹೊಗಳಿಕೆಗೆ ಬಳಸುತ್ತಾರೆ, ಇನ್ನೊಬ್ಬರು ಕೇಳಿಸದಂತೆ ಇರುತ್ತಾರೆ. ಶೃಂಗೇರಿಯಲ್ಲಿ ಸತ್ತವರ ಮಾತು ಇಬ್ಬರ ಬಾಯಲ್ಲೂ ಇಲ್ಲ. ಕೊಂದವನು ಯಾರೆಂದು ನೋಡಿಕೊಂಡು ಕಣ್ಣೀರು ಹಾಕುವುದನ್ನು ನಾವು ಇತಿಹಾಸದ ಅಧ್ಯಯನ ಎಂದು ಕರೆದುಕೊಂಡಿದ್ದೇವೆ.

ಇದಕ್ಕೆ ಎದುರಾಗಿ ಇನ್ನೊಂದು ಹೆಮ್ಮೆಯೂ ಉಂಟು. ನಮ್ಮವರದು ಧರ್ಮಯುದ್ಧ, ಪಕ್ಕದಲ್ಲಿ ಕಾಳಗ ನಡೆಯುತ್ತಿದ್ದರೂ ರೈತ ನಿಶ್ಚಿಂತೆಯಿಂದ ಉಳುತ್ತಿದ್ದ, ಕ್ರೌರ್ಯವೆಲ್ಲ ಹೊರಗಿನವರು ತಂದದ್ದು ಎನ್ನುವ ಹೆಮ್ಮೆ. ಅದನ್ನೂ ಒಪ್ಪಲು ನಮ್ಮ ವೀರಗಲ್ಲುಗಳು ಬಿಡುವುದಿಲ್ಲ. ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿಗಳ ಶಾಸನಗಳನ್ನು ಬಿ.ಎಲ್. ರೈಸ್ ಸಾಹೇಬರು 1904ರಲ್ಲೇ ಅಚ್ಚು ಹಾಕಿಸಿದ್ದಾರೆ. ಈ ಸೀಮೆಯ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳು ಮೂರು: ತುರುಗೋಳು, ಪೆಣ್ಬುಯ್ಯಲ್, ಊರಳಿವು. ದನ ಹೊಡೆದುಕೊಂಡು ಹೋದದ್ದು, ಹೆಣ್ಣು ಹುಯ್ಯಲಿಟ್ಟದ್ದು, ಊರಿಗೆ ಊರೇ ಹಾಳಾದದ್ದು. ಬಂದವರು ಸಮುದ್ರ ದಾಟಿ ಬಂದವರಲ್ಲ, ಪಕ್ಕದ ಸೀಮೆಯ ಕನ್ನಡದವರೇ.

ಒಂದು ವೀರಗಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಒಬ್ಬ ಬಿಲ್ಲು ಹಿಡಿದು ನಿಂತಿರುತ್ತಾನೆ, ಎದುರಿಗೆ ನಾಲ್ಕಾರು ಜನ, ಮೂಲೆಯಲ್ಲಿ ಒತ್ತೊತ್ತಾಗಿ ದನಗಳ ತಲೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ, ಮೇಲೆ ಲಿಂಗದ ಮುಂದೆಯೋ ಜಿನನ ಮುಂದೆಯೋ ಅವನು ಕೈ ಮುಗಿದು ಕೂತಿದ್ದಾನೆ. ಪಾಚಿ ಒರೆಸಿದರೆ ದನದ ಕೊಂಬೂ ಕಾಣುತ್ತದೆ. ಊರು ಕಲ್ಲು ನಿಲ್ಲಿಸಿದ್ದು ಹುಯ್ಯಲಿಗೆ ಓಗೊಟ್ಟು ಓಡಿ ಹೋಗಿ ಸತ್ತವನಿಗೆ. ದಾಳಿ ನಡೆಯುತ್ತಿತ್ತು, ಅದು ಕೇಡು ಎಂಬ ತಿಳಿವೂ ಇತ್ತು. ಎರಡೂ ಒಂದೇ ಕಲ್ಲಿನಲ್ಲಿ ಇವೆ.

ಆ ತಿಳಿವನ್ನು ಜೈನರು ಬಿಡಿಸಿಯೂ ಹೇಳಿದ್ದರು. ಹುಂಚದಲ್ಲಿ ಆಳಿದ ಸಾಂತರರು ಕತ್ತಿ ಹಿಡಿದ ಜೈನರು. 1077ರಲ್ಲಿ ಚಟ್ಟಲದೇವಿ ಪಂಚಕೂಟ ಬಸದಿ ಕಟ್ಟಿಸಿದ್ದು ಅಗಲಿದ ತನ್ನ ಬಂಧುಗಳ ನೆನಪಿಗೆ. ಅಹಿಂಸೆಯನ್ನು ನಂಬಿದವನು ಯುದ್ಧಕ್ಕೆ ಹೇಗೆ ಹೋದಾನು ಎಂಬ ಪ್ರಶ್ನೆ ಅವರಿಗಿತ್ತು. ಜೈನ ಶಾಸ್ತ್ರ ಹಿಂಸೆಯನ್ನು ವಿಂಗಡಿಸಿತು: ಎದುರು ಬಿದ್ದವನಿಂದ ತನ್ನನ್ನೂ ತನ್ನವರನ್ನೂ ಕಾಯುವಾಗ ಆಗುವುದು ವಿರೋಧಿ ಹಿಂಸೆ, ಗೃಹಸ್ಥನಿಗೆ ಅದನ್ನು ತಪ್ಪಿಸಲಾಗದು. ಬೇಕೆಂದೇ ಕೊಲ್ಲುವುದು ಸಂಕಲ್ಪಿ ಹಿಂಸೆ, ಅದು ಕೂಡದು. ರಾಷ್ಟ್ರಕೂಟರ ಕಾಲದಲ್ಲಿ, 959ರಲ್ಲಿ, ಸೋಮದೇವ ಸೂರಿ 'ಯಶಸ್ತಿಲಕ ಚಂಪೂ' ಬರೆದ. ರಣರಂಗದಲ್ಲಿ ಆಯುಧ ಹಿಡಿದು ಬಂದವನ ಮೇಲೆ, ನಾಡಿಗೆ ಮುಳ್ಳಾದವನ ಮೇಲೆ ಮಾತ್ರ ಅರಸು ಶಸ್ತ್ರ ಎತ್ತಬೇಕು, ದೀನರ ಮೇಲೆ ಅಲ್ಲ ಎಂಬುದು ಅದರಲ್ಲಿನ ಒಂದು ಶ್ಲೋಕದ ತಾತ್ಪರ್ಯ. ಜಿನೀವಾ ಒಪ್ಪಂದಗಳಿಗೆ ರುಜು ಬಿದ್ದದ್ದು 1949ರಲ್ಲಿ. ಹೋರಾಡುವವನು ಬೇರೆ, ಹೋರಾಡದವನು ಬೇರೆ ಎಂಬ ಗೆರೆ ಅದಕ್ಕಿಂತ ಸುಮಾರು ಸಾವಿರ ವರ್ಷ ಮೊದಲೇ ಇತ್ತು.

'ಸೈನಿಕನ ಕೈ ಕಟ್ಟಬೇಡಿ' ಎನ್ನುವವರಿಗೂ ಒಂದು ಮಾತು. ನಮ್ಮ ಸೈನ್ಯಕ್ಕೆ ಮಾಡಬೇಕಾದ್ದು, ಮಾಡಬಾರದ್ದು ಎಂಬ ಪಟ್ಟಿಯೇ ಇದೆ: ಅಗತ್ಯಕ್ಕಿಂತ ಹೆಚ್ಚು ಬಲ ಬಳಸಕೂಡದು, ಹಿಡಿದವರನ್ನು ತಡಮಾಡದೆ ಪೊಲೀಸರಿಗೆ ಒಪ್ಪಿಸಬೇಕು. ಅದನ್ನು ಪಾಲಿಸಲೇಬೇಕು ಎಂದು ಸುಪ್ರೀಂ ಕೋರ್ಟು 1997ರಲ್ಲಿ ತೀರ್ಪು ಕೊಟ್ಟಿದೆ. 2021ರ ಡಿಸೆಂಬರ್ 4ರಂದು ನಾಗಾಲ್ಯಾಂಡಿನ ಓಟಿಂಗ್‌ನಲ್ಲಿ ಗಣಿ ಕೆಲಸ ಮುಗಿಸಿ ಪಿಕಪ್ ಗಾಡಿಯಲ್ಲಿ ಮನೆಗೆ ಹೊರಟಿದ್ದ 6 ಜನರನ್ನು ಉಗ್ರರೆಂದು ಭಾವಿಸಿ ಸೈನಿಕರು ಗುಂಡಿಕ್ಕಿ ಕೊಂದರು. ಆಮೇಲಿನ ಗಲಭೆಯಲ್ಲಿ ಇನ್ನಷ್ಟು ಊರವರೂ ಒಬ್ಬ ಸೈನಿಕನೂ ಸತ್ತರು. ನಿಯಮ ಪಾಲನೆಯಾಗಿಲ್ಲ ಎಂದು ಅಲ್ಲಿನ ಪೊಲೀಸರು 30 ಸೈನಿಕರ ಮೇಲೆ ಆರೋಪಪಟ್ಟಿ ಹಾಕಿದರು. ಕೇಂದ್ರ ಸರ್ಕಾರ ಅನುಮತಿ ಕೊಡಲಿಲ್ಲ, 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಮೊಕದ್ದಮೆಯನ್ನು ಮುಗಿಸಿತು. ಆ ನಿಯಮ ಕೈಗೆ ಹಗ್ಗವಾಗಿದ್ದರೆ 6 ಜನ ಗಣಿ ಕಾರ್ಮಿಕರು ರಾತ್ರಿ ಊಟಕ್ಕೆ ಮನೆ ಸೇರುತ್ತಿದ್ದರು, ಆ ಸೈನಿಕನೂ ಬದುಕಿರುತ್ತಿದ್ದ.

ಮಕ್ಕಳನ್ನು ಹುಂಚಕ್ಕೆ ಪ್ರವಾಸ ಕರೆತರುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಪದ್ಮಾವತಿ ಅಮ್ಮನವರ ದರ್ಶನ ಆಗಲಿ, ಪಂಚಕೂಟ ಬಸದಿ ನೋಡಲಿ. ದಾರಿಯಲ್ಲಿ ಎಲ್ಲಾದರೂ ವೀರಗಲ್ಲು ಕಂಡರೆ ಬಸ್ಸು ನಿಲ್ಲಿಸಿ, ಪೆಣ್ಬುಯ್ಯಲ್ ಎಂದರೆ ಏನೆಂದು ಹೇಳಿಕೊಡಿ. ವಾಪಸು ಹೋಗುವಾಗ ಆನಂದಪುರದ ಮೇಲೆ ಹೋಗುವವರು ಅಲ್ಲೂ ಐದು ನಿಮಿಷ ಇಳಿದು, 1783ರ ಫೆಬ್ರವರಿಯಲ್ಲಿ ಆ ಕೋಟೆಯಲ್ಲಿ ನಡೆದದ್ದನ್ನು ಹೇಳಿ. ನಗರದಲ್ಲಿ ಬೇಡಿ ಬಿದ್ದದ್ದನ್ನೂ ಅದರ ಜೊತೆಗೇ ಹೇಳಿ.