ಹೂಬಳ್ಳಿಯ ಪಿಂಗಾಣಿ ಜಗ್ಗು: ಮೂಲ ಮತ್ತು ಬಳಕೆಯ ಪ್ರಶ್ನೆ

ಚಿತ್ರದುರ್ಗ ಜಿಲ್ಲೆಯ ಕಲೆ ಮತ್ತು ಇತಿಹಾಸವನ್ನು ಕುರಿತ ಬರಹಗಳು ಬಹುಮಟ್ಟಿಗೆ ಕೋಟೆ, ದೇವಾಲಯ, ಶಾಸನ, ವೀರಗಲ್ಲುಗಳ ಸುತ್ತ ಬೆಳೆದಿವೆ. ನಾಯಕರ ಆಳ್ವಿಕೆ 1779ರಲ್ಲಿ ಹೈದರಾಲಿಯಿಂದ ಕೊನೆಗೊಂಡುದರೊಂದಿಗೆ ಇಂಥ ಬರಹಗಳ ಆಸಕ್ತಿಯೂ ಹೆಚ್ಚುಕಡಿಮೆ ಮುಗಿಯುತ್ತದೆ. ತರುವಾಯದ ಗೃಹಬಳಕೆಯ ವಸ್ತುಗಳು, ಅದರಲ್ಲೂ ಹೊರನಾಡಿನಿಂದ ಬಂದವು, ‘ನಮ್ಮವಲ್ಲ’ ಎಂಬ ಒಂದೇ ಕಾರಣಕ್ಕೆ ಅಧ್ಯಯನದ ಹೊರಗೆ ಉಳಿದಿವೆ. ಈ ನಿಲುವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು, ಹೂವಿನ ಅಲಂಕಾರವುಳ್ಳ ಇಂಗ್ಲಿಷ್ ಪಿಂಗಾಣಿಯ ಕೆನೆಹಾಲಿನ ಜಗ್ಗನ್ನು ನಿದರ್ಶನವಾಗಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

ಹೊರನಾಡಿನ ಪಾತ್ರೆಯ ಪ್ರಶ್ನೆ ಈ ಜಿಲ್ಲೆಗೆ ಹೊಸದಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ನಡೆಸಿದ ಉತ್ಖನನಗಳಲ್ಲಿ, ಒಳತಳದ ಮೇಲೆ ವೃತ್ತಾಕಾರದ ಚುಚ್ಚುಗೆರೆಗಳುಳ್ಳ ನಯವಾದ ‘ರೌಲೆಟೆಡ್’ ಮಡಕೆಯ ಚೂರುಗಳು ದೊರೆತವು. ಆ ಅಲಂಕರಣ ವಿಧಾನವನ್ನು ಕಂಡು ವೀಲರ್ ಅದರ ಮೂಲವನ್ನು ಮೆಡಿಟರೇನಿಯನ್ ಜಗತ್ತಿನಲ್ಲಿ ಗುರುತಿಸಿದರು. ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ನಾಣ್ಯಗಳು ಈ ಊಹೆಗೆ ಇಂಬು ಕೊಟ್ಟವು. ಆದರೆ ವಿಮಲಾ ಬೆಗ್ಲಿ ಮೊದಲಾದವರ ಅಧ್ಯಯನಗಳು ಇದನ್ನು ಪ್ರಶ್ನಿಸಿದವು. 2005ರಲ್ಲಿ ಪ್ರಕಟವಾದ ಮಣ್ಣಿನ ರಾಸಾಯನಿಕ ವಿಶ್ಲೇಷಣೆಯೂ ಭಾರತದ ಕಡೆಗೇ ಬೆರಳು ತೋರಿತು. ಅಲಂಕಾರವೊಂದನ್ನೇ ನೋಡಿ ವಸ್ತುವಿನ ನಾಡನ್ನು ನಿರ್ಧರಿಸಲಾಗದೆಂಬುದು ನಮ್ಮ ಜಿಲ್ಲೆಯ ಮಣ್ಣೇ ಕಲಿಸಿದ ಪಾಠ.

ಈ ಪಾಠವನ್ನು ಪಿಂಗಾಣಿ ಜಗ್ಗಿಗೆ ಅನ್ವಯಿಸಬಹುದು. ಇಂಗ್ಲಿಷ್ ಪಿಂಗಾಣಿಯ ಪ್ರಸಿದ್ಧ ಪ್ರಕಾರವಾದ ‘ಬೋನ್ ಚೈನಾ’ ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಮುಖ್ಯವಾಗಿ ಜೊಸಾಯ ಸ್ಪೋಡ್‌ನ ಕಾರ್ಖಾನೆಯಲ್ಲಿ ರೂಪುಗೊಂಡಿತು. ಅದರ ಸುಮಾರು ಅರ್ಧಭಾಗ ದನದ ಮೂಳೆಯ ಬೂದಿ. ಉಳಿದುದು ಬಿಳಿಜೇಡಿ ಮತ್ತು ಶಿಲಾಪುಡಿ. ತಳದಲ್ಲಿ ‘ಇಂಗ್ಲೆಂಡ್’ ಎಂಬ ಮುದ್ರೆಯಿದ್ದರೆ ಜಗ್ಗು ಸಾಮಾನ್ಯವಾಗಿ 1891ರ ಅನಂತರದ್ದು. ತಯಾರಾದ ದೇಶದ ಹೆಸರನ್ನು ಕಡ್ಡಾಯಗೊಳಿಸಿದ ಅಮೆರಿಕದ ಸುಂಕದ ಕಾನೂನು ಆ ವರ್ಷ ಜಾರಿಗೆ ಬಂದಿತು. ಮುದ್ರೆ ಇಲ್ಲವೆಂದ ಮಾತ್ರಕ್ಕೆ ವಸ್ತು ಅದಕ್ಕಿಂತ ಹಳೆಯದೆಂದು ಹೇಳಲಾಗದು.

ತಳದ ಮುದ್ರೆ ಇಂಗ್ಲೆಂಡನ್ನು ಹೇಳಿದರೂ ಮೈಮೇಲಿನ ಹೂ ಬೇರೊಂದು ಕಥೆಯನ್ನು ಹೇಳಬಹುದು. ಹದಿನೇಳನೆಯ ಶತಮಾನದಲ್ಲಿ ಕೋರಮಂಡಲ ತೀರದ ಹೂಬಳ್ಳಿಯ ಚೀಟಿಬಟ್ಟೆ ಇಂಗ್ಲೆಂಡಿನಲ್ಲಿ ಅಪಾರ ಜನಪ್ರಿಯತೆ ಗಳಿಸಿತು. ಅಲ್ಲಿನ ನೇಕಾರರ ಹಿತರಕ್ಷಣೆಗಾಗಿ 1700ರಲ್ಲಿ ಹಾಗೂ 1721ರಲ್ಲಿ ಅದರ ವಿರುದ್ಧ ಕಾನೂನುಗಳಾದವು. ಬಟ್ಟೆಯನ್ನು ತಡೆದರೂ ವಿನ್ಯಾಸವನ್ನು ತಡೆಯಲಾಗಲಿಲ್ಲ. 1920 ಮತ್ತು 1930ರ ದಶಕಗಳಲ್ಲಿ ಸ್ಟಾಫರ್ಡ್‌ಶೈರಿನ ಕುಂಬಾರಿಕೆ ಕಾರ್ಖಾನೆಗಳು ಮೈತುಂಬ ಹೂ ಮುದ್ರಿಸಿದ ಪಾತ್ರೆಗಳನ್ನು ‘ಚಿಂಟ್ಸ್’ ಎಂಬ ಹೆಸರಿನಲ್ಲೇ ಮಾರಿದವು. ಹಾಗಿರುವಾಗ ಅಂಥ ಜಗ್ಗು ಪೂರ್ತಿಯಾಗಿ ಪರದೇಶಿ ಎನ್ನುವುದು ಹೇಗೆ?

ಸಂಗ್ರಾಹಕರ ಬರಹಗಳು ಮುದ್ರೆ, ಕಾರ್ಖಾನೆ, ಬೆಲೆಗಳಲ್ಲಿಯೇ ನಿಲ್ಲುತ್ತವೆ. ನಮ್ಮ ಸಂಶೋಧಕರು ಅಷ್ಟನ್ನೂ ಗಮನಿಸುವುದಿಲ್ಲ. ಮೇಲ್ನೋಟಕ್ಕೆ ವಿರುದ್ಧವಾದ ಈ ಎರಡು ನಿಲುವುಗಳ ದೋಷ ಒಂದೇ: ಎರಡೂ ಮೂಲವನ್ನು ಕೇಳುತ್ತವೆಯೇ ಹೊರತು ಬಳಕೆಯನ್ನು ಕೇಳುವುದಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಹಾಲು ಬರಿಯ ಆಹಾರವಲ್ಲ; ಕಾಡುಗೊಲ್ಲರ ಹಟ್ಟಿಗಳಲ್ಲಿ ದೇವರಿಗೆ ಮೀಸಲು ತೆಗೆಯುವ ವಸ್ತು. ಹಾಲಿಗೆ ಇಷ್ಟು ಕಟ್ಟುಪಾಡುಗಳಿರುವ ನಾಡಿನೊಳಗೆ ಹಾಲಿಗೆಂದೇ ರೂಪಿಸಿದ ಜಗ್ಗೊಂದು ಬಂದಾಗ ಅದು ಯಾವ ಸ್ಥಾನ ಪಡೆಯಿತು? ಮಡಿವಂತರ ಅಡುಗೆಮನೆಗೆ ಕಂಚು, ಹಿತ್ತಾಳೆಗಳಿಗಿದ್ದ ಪ್ರವೇಶ ಪಿಂಗಾಣಿಗೆ ಇರಲಿಲ್ಲ. ಅದು ಪಡಸಾಲೆಯ ಬೀರುವಿನಲ್ಲಿ ಅಂತಸ್ತಿನ ಗುರುತಾಯಿತೇ, ಅಥವಾ ಒಳಗೆ ಬರಬಾರದವರಿಗೆಂದು ಎತ್ತಿಟ್ಟ ಪಾತ್ರೆಯಾಯಿತೇ? ಒಂದೇ ಜಗ್ಗು ಒಂದು ಮನೆಯಲ್ಲಿ ಗೌರವವನ್ನೂ ಇನ್ನೊಂದರಲ್ಲಿ ಅವಮಾನವನ್ನೂ ಹೊತ್ತಿರಬಹುದು. ತಳದ ಮುದ್ರೆ ಇದನ್ನು ಹೇಳಲಾರದು.

ಹೇಳಬಲ್ಲವರು ಆ ಮನೆಗಳ ಹಿರಿಯರು, ಮುಖ್ಯವಾಗಿ ಪಾತ್ರೆಗಳನ್ನು ಬೆಳಗಿ ಎತ್ತಿಟ್ಟ ಹೆಂಗಸರು. ಹಳೆಯ ಮನೆ ಕೆಡವಿದಾಗ ಪಿಂಗಾಣಿ ಗುಜರಿಗೆ ಹೋಗುತ್ತದೆ. ಜಗ್ಗು ಹೇಗೋ ಉಳಿದು ಮಾರಾಟವಾದರೂ, ಅದನ್ನು ಯಾರ ಮುಂದೆ ಇಡುತ್ತಿದ್ದರು, ಯಾರ ಮುಂದೆ ಇಡುತ್ತಿರಲಿಲ್ಲ ಎಂಬ ನೆನಪು ಉಳಿಯುವುದಿಲ್ಲ. ಚಂದ್ರವಳ್ಳಿಯ ಚೂರುಗಳ ಬಳಕೆದಾರರನ್ನು ಕೇಳುವ ಅವಕಾಶ ವೀಲರ್‌ಗೆ ಇರಲಿಲ್ಲ. ನಮಗೆ ಆ ಅವಕಾಶ ಇನ್ನೂ ಸ್ವಲ್ಪ ಉಳಿದಿದೆ. ತಾಲ್ಲೂಕುವಾರು ಗೃಹವಸ್ತುಗಳ ದಾಖಲಾತಿಯಲ್ಲಿ ವಸ್ತುವಿನ ಅಳತೆ, ಚಿತ್ರಗಳ ಜೊತೆಗೆ ಬಳಸಿದವರ ಮಾತನ್ನೂ ಸೇರಿಸುವುದು ಈ ದೃಷ್ಟಿಯಿಂದ ತುರ್ತಿನ ಕೆಲಸವಾಗಿದೆ.